ಮಿರಗದ (ಮೃಗಶಿರಾ) ಮಳೆ ಕೂಡುವುದರೊಳಗೆ ಸೂರು ಆಗಬೇಕು: ದಾನಿಗಳಲ್ಲಿ ಮನವಿ

ಸಂಸ್ಥೆಯ ಎಲ್ಲ ಹಿತೈಷಿಗಳಿಗೆ ಶರಣು ಶರಣಾರ್ಥಿಗಳು.

ಹೋದ ವಾರದ ಅಡ್ಡಮಳೆಯ ಸುದ್ದಿಯನ್ನು ಗುಳೇದಗುಡ್ಡದವರಿಗೆ ಹೊಸದಾಗಿ ಹೇಳಬೇಕಿಲ್ಲ. ಆ ಸಂಜೆಯ ಗಾಳಿಗೆ ವೈಕಲ್ಯವುಳ್ಳ ವಯಸ್ಕರಿಗೆ ಅಕ್ಷರ, ಲೆಕ್ಕ, ಕೈಕೆಲಸ ಕಲಿಸುವ ನಮ್ಮ ಮಗ್ಗದ ಶೆಡ್ಡಿನ 11 ಪತ್ರಾಸು (ಸೂರಿನ ತಗಡು) ಹಾರಿಹೋದವು. ಎರಡು ಮರುದಿನ ಪಕ್ಕದವರ ಹಿತ್ತಲಿನ ಬೇವಿನ ಗಿಡದಲ್ಲಿ ಸಿಕ್ಕವು. ತರಗತಿ ಬಿಟ್ಟು ಅರ್ಧ ತಾಸಾಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಐದು ಮಗ್ಗಗಳಲ್ಲಿ ಮೂರರ ಹಾಸು (ಮಗ್ಗಕ್ಕೆ ಕಟ್ಟಿದ ಉದ್ದೆಳೆಯ ನೂಲು) ನೆಂದು ಕೆಟ್ಟಿದೆ. ಅಕ್ಷರದ ಚಾರ್ಟುಗಳೆಲ್ಲ ಮುದ್ದೆಯಾದವು. ಗೋಡೆಗೆ ಹಾಕಿದ್ದ ಫೋಟೋಗಳಿಗೂ ನೀರು ಇಳಿದು, ಹಾರ ಹಾಕಿಸಿಕೊಂಡು ನಿಂತವರು ಯಾವ ಮಂತ್ರಿ ಎಂಬುದೂ ಈಗ ತಿಳಿಯುವುದಿಲ್ಲ.

ನೂಲಿನ ಗೋಡೌನಿನಲ್ಲಿ ಆರು ಜನರಿಂದ ಶುರುವಾದ ದಿನಗಳನ್ನು ನಿಮ್ಮಲ್ಲಿ ಬಹಳ ಮಂದಿ ಕಣ್ಣಾರೆ ಕಂಡಿದ್ದೀರಿ. ಒಂದೇ ಚಾಪೆ, ಒಂದೇ ಕರಿಹಲಗೆ. ಇಂದು 38 ಜನ ಬರುತ್ತಾರೆ. ಕಂಡಿಕೆಗೆ ನೂಲು ಸುತ್ತುವುದು, ಖಡಕ್ ರೊಟ್ಟಿ ಬಡಿಯುವುದು, ಶೇಂಗಾ ಚಟ್ನಿ ಪ್ಯಾಕ್ ಮಾಡುವುದು ಅವರ ಕೆಲಸ. ನಮ್ಮವರ ರೊಟ್ಟಿಯನ್ನು ಊರಿನ ಮದುವೆ ಮನೆಯವರು ಕೇಳಿ ಒಯ್ಯುತ್ತಾರೆ. ಆನೆಹೆಜ್ಜೆ ವಿನ್ಯಾಸದ ಕುಪ್ಪಸದ ಖಣ ನೇಯ್ದು ಮುಗಿಸಿದ ಹುಡುಗನನ್ನು ನೋಡಲು ಹಿರಿಯ ನೇಕಾರರೇ ಬಂದು ನಿಂತಿದ್ದರು. ಹೆಬ್ಬೆಟ್ಟು ಒತ್ತುತ್ತಿದ್ದ 14 ಜನ ಈಗ ಬ್ಯಾಂಕಿನಲ್ಲಿ ರುಜು ಹಾಕುತ್ತಾರೆ. ಇದನ್ನೆಲ್ಲ ಬರೆಯುತ್ತ ಹೋದರೆ ಕೇಳಬೇಕಾದದ್ದೇ ಮರೆತು ಹೋಗುತ್ತದೆ ಎಂದು ನಮ್ಮ ಖಜಾಂಚಿಯವರು ಪಕ್ಕದಲ್ಲೇ ಕೂತು ಎಚ್ಚರಿಸುತ್ತಿದ್ದಾರೆ.

ಹುಡುಗ ಎಂದೆ. ಅವನಿಗೆ 34 ವರ್ಷ, ಮೀಸೆಯಲ್ಲಿ ಒಂದೆರಡು ಬಿಳಿ ಕೂದಲೂ ಬಂದಿವೆ. ತೊಡಕು ಇರುವುದೇ ಇಲ್ಲಿ. ಎರಡು ವರ್ಷದ ಹಿಂದೆ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕಾಗಿ ಅರ್ಜಿ ಹಾಕಿದ್ದೆವು. ಬಂದವರು ಚಹಾ ಕುಡಿದು, ಎಲ್ಲ ನೋಡಿ, ‘ಮಕ್ಕಳು ಯಾರೂ ಇಲ್ಲವೇ?’ ಎಂದು ಕೇಳಿದರು. ಇಲ್ಲ. ಇಲ್ಲಿರುವವರು ಬೆಳೆದವರು. ಪುಟ್ಟ ಮಗುವಿನ ಫೋಟೋಗೆ ಕರಗುವ ಮನಸ್ಸು ನಲವತ್ತರ ಗಂಡಸು ‘ಕ ಕಾ ಕಿ ಕೀ’ ತಿದ್ದುವುದನ್ನು ಕಂಡರೆ ಯಾಕೋ ಮುಜುಗರಪಡುತ್ತದೆ.

ಇವರು ಚಿಕ್ಕವರಿದ್ದಾಗ ಕಲಿಯಲಿಲ್ಲ ಯಾಕೆ ಎಂದು ಕೇಳುವವರಿದ್ದಾರೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ವೈಕಲ್ಯಗಳು 7 ಬಗೆ ಮಾತ್ರ. ಅಕ್ಷರ ಗುರುತಿಸಲು ಕಷ್ಟಪಡುವ ಕಲಿಕಾ ನ್ಯೂನತೆ ಅದರಲ್ಲಿ ಇರಲೇ ಇಲ್ಲ. 2016ರ ಹೊಸ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದಾಗ ಅದೂ ಸೇರಿತು. ಅಷ್ಟರಲ್ಲಿ ನಮ್ಮ ಈ ಹುಡುಗ ನಾಲ್ಕನೇ ತರಗತಿಗೇ ‘ದಡ್ಡ’ ಎನಿಸಿಕೊಂಡು ಶಾಲೆ ಬಿಟ್ಟು, ಅಪ್ಪನ ಮಗ್ಗದ ಮುಂದೆ ಕೂತು ಎಷ್ಟೋ ವರ್ಷವಾಗಿತ್ತು. ‘ಪ’, ‘ವ’, ‘ಷ’ ಮೂರೂ ಅವನ ಕಣ್ಣಿಗೆ ಒಂದೇ. ಒತ್ತಕ್ಷರ ಬಂತೆಂದರೆ ಬೆವರುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ‘ಬಾದಾಮಿ’ ಯಾವುದು, ‘ಬಾಗಲಕೋಟ’ ಯಾವುದು ಎಂದು ಯಾರನ್ನಾದರೂ ಕೇಳಲು ನಾಚಿಕೆ. ಎಷ್ಟೋ ಸಲ ನಡೆದೇ ಹೋಗಿದ್ದಾನೆ. ಈಗ ಬೋರ್ಡು ಓದಿ ಹತ್ತುತ್ತಾನೆ. ನಮ್ಮೂರಿನ ಹೆಸರಿನ ಕೊನೆಯ ‘ಡ್ಡ’ ಬರೆಯಲು ಮಾತ್ರ ಅವನಿಗೆ ಏಳು ತಿಂಗಳು ಬೇಕಾಯಿತು.

ಇನ್ನೊಬ್ಬಳಿಗೆ ಬೌದ್ಧಿಕ ವೈಕಲ್ಯ, ವಯಸ್ಸು 28. ಓದಿಗಿಂತ ಮೊದಲು ಅವಳಿಗೆ ಬೇಕಾದದ್ದು ರೊಕ್ಕದ ಲೆಕ್ಕ. ನೋಟುಗಳನ್ನು ಬಣ್ಣದಿಂದ ಕಲಿಸುತ್ತೇವೆ: 10 ಚಾಕಲೇಟು, 50 ನೀಲಿ, 500 ಬೂದಿ. 20 ಮತ್ತು 200ಕ್ಕೆ ಬಂದಾಗ ಕಣ್ಣಿದ್ದವರೇ ಎಡವುತ್ತಾರೆ, ಎರಡೂ ಹಳದಿಯ ಬಳಗ. ಅದಕ್ಕೇ ಮೂರು ತಿಂಗಳು ಹಿಡಿಯಿತು. ಒಂದು ದಿನ ಅವಳ ತಾಯಿ ಓಡುತ್ತ ಬಂದರು: ‘ಸರ್ರ, ನಿನ್ನೆ ಅಂಗಡಿಯಂವಾ ಹತ್ತು ರೂಪಾಯಿ ಕಡಿಮಿ ಕೊಟ್ಟಿದ್ದನಂತ. ಇಕಿ ಅಲ್ಲೇ ನಿಂತು ಎಣಿಸಿ, ಕೇಳಿ ಇಸ್ಕೊಂಡು ಬಂದಾಳ್ರೀ.’ ಆ ಹತ್ತು ರೂಪಾಯಿಯನ್ನು ಆ ತಾಯಿ ಖರ್ಚು ಮಾಡಿಲ್ಲ, ದೇವರ ಜಗುಲಿಯ ಮೇಲೆ ಇಟ್ಟಿದ್ದಾರೆ.

ಸರಕಾರ ಏನೂ ಕೊಡುವುದಿಲ್ಲವೇ ಎಂದರೆ, ಮೇಲೆ ಹೇಳಿದ 2016ರ ಕಾಯ್ದೆಯ 31ನೇ ಕಲಮಿನಂತೆ ಗಣನೀಯ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 18ನೇ ಕಲಮಿನಲ್ಲಿ ವಯಸ್ಕರ ಶಿಕ್ಷಣದ ಮಾತೂ ಇದೆ, ಬಲು ಚೆಂದದ ಮಾತು. ಆದರೆ ಕಲಮನ್ನು ಶೆಡ್ಡಿಗೆ ಹೊದಿಸಲು ಬರುವುದಿಲ್ಲವಲ್ಲ. ಅನುದಾನದ ಕಡತ ಎಲ್ಲಿದೆಯೋ ಅಲ್ಲೇ ಇದೆ. ಉಪಕಾರ ಆಗಿದ್ದನ್ನೂ ಹೇಳಬೇಕು: 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗಳಿಂದ ಬರುವ ನಮ್ಮ ಹೆಣ್ಣುಮಕ್ಕಳ ಬಸ್ ಖರ್ಚು ಉಳಿದು, ಹಾಜರಿ ಏರಿತು.

ಈಗ ಲೆಕ್ಕ. ಪತ್ರಾಸು, ಕಬ್ಬಿಣದ ಆಂಗಲ್, ವೆಲ್ಡಿಂಗ್, ಕೂಲಿ ಸೇರಿ ₹2.75 ಲಕ್ಷದ ಆಸುಪಾಸು. ಮಗ್ಗದ ರಿಪೇರಿ, ಹೊಸ ಹಾಸು, ನೂಲಿಗೆ ₹60 ಸಾವಿರ. ಇಬ್ಬರು ಶಿಕ್ಷಕಿಯರ ಮೂರು ತಿಂಗಳ ಗೌರವಧನ ₹54 ಸಾವಿರ ಬಾಕಿ. ಅವರು ಬಾಯಿಬಿಟ್ಟು ಕೇಳಿಲ್ಲ, ಆದ್ದರಿಂದ ನಾವೇ ಬರೆಯುತ್ತಿದ್ದೇವೆ. ಒಟ್ಟು ₹4 ಲಕ್ಷ ಎಂದಿಟ್ಟುಕೊಳ್ಳಿ. ವಿಶ್ವಸ್ತರೆಲ್ಲ ಸೇರಿ ₹70 ಸಾವಿರ ಹಾಕಿದ್ದೇವೆ. ನಮ್ಮ ಕಲಿಯುವವರೇ ರೊಟ್ಟಿಯ ದುಡ್ಡಿನಲ್ಲಿ ₹3,800 ತಂದುಕೊಟ್ಟರು. ಬೇಡವೆಂದರೂ ಕೇಳಲಿಲ್ಲ.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಬೇಡಿದ ಜಿಲ್ಲೆ ನಮ್ಮದು. ನಮ್ಮ ಜೋಳಿಗೆ ಅಷ್ಟು ದೊಡ್ಡದಲ್ಲ, ನಾವು ಬೇಡುತ್ತಿರುವುದು ಪತ್ರಾಸು. ಒಂದು ಪತ್ರಾಸಿನ ಖರ್ಚು ಹೊರುವವರಿದ್ದರೂ ಸರಿ, ಒಂದು ಮಗ್ಗದ ಹಾಸು ಕೊಡಿಸುವವರಿದ್ದರೂ ಸರಿ. ನೂಲಿನ ವ್ಯಾಪಾರಿಗಳು ನೂಲನ್ನೇ ಕೊಡಬಹುದು. ಮಿರಗ ಕೂಡುವುದು ಜೂನ್ 7-8ಕ್ಕೆ. ಅಷ್ಟರೊಳಗೆ ಸೂರು ಮುಚ್ಚದಿದ್ದರೆ ಉಳಿದ ಎರಡು ಮಗ್ಗಗಳೂ ಕೈಬಿಟ್ಟಂತೆ. ವೆಲ್ಡರ್ ಮುಂಗಡ ಕೊಡದೆ ಕೆಲಸ ಹಿಡಿಯುವುದಿಲ್ಲ ಎಂದಿದ್ದಾರೆ, ಅವರದೂ ತಪ್ಪಲ್ಲ.

ಖಾತೆಯ ವಿವರ ನಿಮ್ಮ ಹಳೆಯ ರಸೀದಿಯ ಹಿಂಬದಿಯಲ್ಲಿದೆ, ಅದೇ ಖಾತೆ. ₹2,000ಕ್ಕಿಂತ ಹೆಚ್ಚು ಕೊಡುವವರು ದಯವಿಟ್ಟು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಅದಕ್ಕಿಂತ ಹೆಚ್ಚಿನ ನಗದಿಗೆ ದೇಣಿಗೆಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಕಣ್ಣಾರೆ ನೋಡಿಯೇ ಕೊಡುತ್ತೇವೆ ಎನ್ನುವವರಿಗೆ ಸ್ವಾಗತ. ಸದ್ಯ ತರಗತಿ ಗುಡಿಯ ಪೌಳಿಯಲ್ಲಿ ನಡೆದಿದೆ. ಮಧ್ಯಾಹ್ನ ಎರಡರೊಳಗೆ ಬನ್ನಿ, ಆಮೇಲೆ ಬಿಸಿಲು ಒಳಗೆ ಬರುವುದರಿಂದ ಬಿಟ್ಟುಬಿಡುತ್ತೇವೆ.

ಕಾರ್ಯದರ್ಶಿ ಹಾಗೂ ವಿಶ್ವಸ್ತರು
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ