ಬ್ಯಾಂಕಿಗೆ ಜ್ವರ, ಐಸು ಲೇಟು

ಸೀನ,

ಊಟ ಆಯ್ತಾ? ಇದು ಕುಶಲೋಪರಿ ಅಲ್ಲ, ಪಾಠ. ಥಾಯ್ಲೆಂಡಿನಲ್ಲೂ ಎದುರಾದವರು ಇದನ್ನೇ ಕೇಳ್ತಾರೆ ಮಾರಾಯ, ‘ಕಿನ್ ಖಾವ್ ರು ಯಾಂಗ್’, ಅನ್ನ ತಿಂದ್ಯಾ ಅಂತ. ಅದನ್ನ ‘ಹೌ ಆರ್ ಯೂ’ ಮಾಡಿ ಕಲಿಸೋದು ನನ್ನ ಸಂಬಳದ ಕೆಲಸ.

‘ನಿನಗೇ ಇಂಗ್ಲಿಷ್ ಬರಲ್ಲ, ಅಲ್ಲಿ ಹೋಗಿ ಎಂತ ಕಲಿಸ್ತೀಯ’ ಅಂದಿದ್ದೆಯಲ್ಲ, ಹೇಳ್ತೀನಿ ಕೇಳು. ಸೈಕಲ್ ಪಂಪಿನ ಆಣೆ, ಒಂದೂ ಸುಳ್ಳಿಲ್ಲ.

ಬ್ಯಾಂಕಾಕಿನಿಂದ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಬಂದರೆ ರಾಚ್ಚಬುರಿ. ನಮ್ಮ ಬಾಯಲ್ಲಾದರೆ ರಾಜಪುರಿ. ಇಲ್ಲಿ ಪ್ರತಿ ಮಗುವಿಗೂ ಎರಡು ಹೆಸರು. ರಿಜಿಸ್ಟರಿನಲ್ಲಿ ಸಂಸ್ಕೃತ, ಪಾಳಿ ಸೇರಿಸಿ ಕಟ್ಟಿದ, ಒಂದು ಉಸಿರಿಗೆ ಮುಗಿಯದ ಹೆಸರು. ಕರೆಯೋಕೆ ‘ಛೂ ಲೆನ್’, ಅಂದರೆ ಆಟದ ಹೆಸರು. ಹಿಂದೆ ದೆವ್ವದ ಕಣ್ಣು ಬೀಳದಿರಲಿ ಅಂತ ಹಂದಿ, ಕಪ್ಪೆ ಅಂತೆಲ್ಲ ಕರೀತಿದ್ರಂತೆ, ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪ, ಗುಂಡ ಅಂತ ಇಟ್ಟ ಹಾಗೆ. ಈಗ ಆ ಜಾಗಕ್ಕೆ ಇಂಗ್ಲಿಷ್ ಬಂದಿದೆ. ನನ್ನ ಒಂದೇ ಕ್ಲಾಸಿನಲ್ಲಿ ಐಸ್, ಗಿಫ್ಟ್, ಫಿಲ್ಮ್, ಬಾಲ್, ಬೆಂಜ್, ಇಬ್ಬರು ಬ್ಯಾಂಕ್ ಇದ್ದಾರೆ. ಬೆಂಜ್ ಅಂದರೆ ಇಎಂಐಗೆ ಹೆದರಿ ದೆವ್ವ ಹತ್ತಿರ ಬರಲ್ಲ ಅಂತ ಕಾಣತ್ತೆ. ಬೆಳಿಗ್ಗೆ ಹಾಜರಿ ಕರೆದರೆ ಅರ್ಧ ಶಬ್ದಕೋಶ ಮುಗಿದ ಹಾಗೆ. ‘ಬ್ಯಾಂಕಿಗೆ ಜ್ವರ, ಐಸು ಲೇಟು’ ಅಂತ ಇಡೀ ಕ್ಲಾಸು ಇಂಗ್ಲಿಷಿನಲ್ಲಿ ಕೂಗತ್ತೆ.

ಕೂಗತ್ತೆ ಅಂದ್ನಲ್ಲ, ಅವರ ಬಾಯಲ್ಲಿ ಬಾಲ್ ‘ಬೋನ್’ ಆಗತ್ತೆ, ಐಸ್ ಬರೀ ‘ಐ’. ಥಾಯ್ ಪದದ ಕೊನೆಯಲ್ಲಿ ಲಕಾರ, ಸಕಾರ ನಿಲ್ಲಲ್ಲ. ಹೋಟೆಲಿನಲ್ಲಿ ಬಿಲ್ ಬೇಕಾದರೆ ‘ಚೆಕ್ ಬಿನ್’ ಅನ್ನಬೇಕು. ಅವರು ಬಾಲ ಕತ್ತರಿಸ್ತಾರೆ, ನಾವು ಬಸ್ಸು, ಕಾರು, ಲೈಟು ಅಂತ ಬಾಲ ಕಟ್ತೀವಿ. ಸ್ಕೂಲ್ ಅವರಿಗೆ ‘ಸಕೂನ್’. ನಮ್ಮ ಇಸ್ಕೂಲಿಗೆ ಅಣ್ಣನೋ ತಮ್ಮನೋ ಆಗಬೇಕು.

ಬಂದ ಹೊಸದರಲ್ಲಿ ಒಬ್ಬರು ‘ಟೀಚರ್, ಹ್ಯಾವ್ ಫ್ಯಾನ್?’ ಅಂದರು. ಎರಡಿದೆ, ಒಂದು ಸೀಲಿಂಗಿನದು, ಒಂದು ಟೇಬಲ್ಲಿನದು ಅಂದೆ. ಸ್ಟಾಫ್ ರೂಮಿಗೆ ರೂಮೇ ಬಿದ್ದು ಬಿದ್ದು ನಕ್ಕಿತು. ‘ಫ್ಯಾನ್’ ಅಂದರೆ ಇಲ್ಲಿ ಪ್ರೀತಿಸೋ ಹುಡುಗಿ ಅಥವಾ ಹೆಂಡತಿ. ಎರಡು ಇರೋದೂ ಅಲ್ಲದೆ ಒಬ್ಬಳನ್ನ ಸೀಲಿಂಗಿಗೆ ನೇತುಹಾಕಿದೀನಿ.

ಪಠ್ಯಪುಸ್ತಕದಲ್ಲಿ ಹಿಮ, ಬೆಂಕಿಗೂಡು, ಜಾರುಬಂಡಿ. ಅದನ್ನ ಮುಚ್ಚಿಟ್ಟೆ. ಒಂದು ದಿನ ಮಕ್ಕಳಿಂದಲೇ ಕಲ್ಲೊರಳು, ಹಸಿ ಪಪ್ಪಾಯಿ, ನಿಂಬೆ, ತಾಳೆ ಬೆಲ್ಲ ತರಿಸಿ ಸೋಮ್ ಟಮ್ ಮಾಡಿಸಿದೆ, ಇವರ ಪಪ್ಪಾಯಿ ಕೋಸಂಬರಿ. ‘ಟಮ್’ ಅಂದರೇ ಕುಟ್ಟೋದು. ಒಬ್ಬೊಬ್ಬರೂ ಒನಕೆ ಎತ್ತಿ ‘ಪೌಂಡ್’ ಅಂದರೆ ಒಂದು ಏಟು, ನಿಂಬೆ ಹಿಂಡುವಾಗ ‘ಸ್ಕ್ವೀಜ್’. ಅಂಟನ್ನ ಬೆರಳಿಗೆ ಅಂಟಿಸಿಕೊಂಡು ‘ಸ್ಟಿಕಿ’ ಕಲಿತವರು ಮರೀತಾರಾ? ಏಪ್ರಿಲ್ 13ಕ್ಕೆ ಇವರ ಹೊಸವರ್ಷದ ಹಬ್ಬ ಸೋಂಗ್‌ಕ್ರಾನ್, ಅದೇ ನಮ್ಮ ಸಂಕ್ರಾಂತಿಯ ಹೆಸರು. ಅವತ್ತು ಹಿರಿಯರ ಅಂಗೈಗೆ ನಿಧಾನ ನೀರು ಬಿಡ್ತಾರೆ, ಅದು ‘ಪೋರ್’. ಬೀದಿಯಲ್ಲಿ ಹೋಗೋರ ಮೈಮೇಲೆ ಬಕೆಟ್ ಸುರೀತಾರೆ, ಅದು ‘ಸ್ಪ್ಲಾಶ್’. ಅಜ್ಜಿಗೆ ಸ್ಪ್ಲಾಶ್ ಮಾಡಬಾರದು ಅಂದಾಗ ಡುಮ್ಮ ಬ್ಯಾಂಕ್ ನಕ್ಕಿದ್ದು ನೋಡಬೇಕಿತ್ತು.

ಇಷ್ಟೇ ಬರೆದು ಮುಗಿಸೋಣ ಅಂತಿದ್ದೆ.

ಜೂನಿನಲ್ಲಿ ‘ವಾಯ್ ಖ್ರೂ’ ಬಂತು, ಗುರುವಂದನೆ. ಖ್ರೂ ಅಂದರೆ ಗುರು. ಮಾಡೋದೂ ಗುರುವಾರವೇ. ನಮ್ಮನ್ನೆಲ್ಲ ಮೇಲೆ ಕೂರಿಸಿ ಮಕ್ಕಳು ಮಂಡಿಯೂರಿ ಹೂವಿನ ತಟ್ಟೆ ತಂದರು. ಗಿಫ್ಟ್ ತಂದ ತಟ್ಟೆ ನೋಡಿದೆ. ಗರಿಕೆ! ಹರಡಿದಂತೆ ವಿದ್ಯೆ ಹರಡಲಿ ಅಂತ. ಪಕ್ಕದಲ್ಲಿ ಕೇಪಳ, ಬುದ್ಧಿ ಅದರ ಮೊಗ್ಗಿನಷ್ಟು ಚೂಪಾಗಲಿ ಅಂತ. ಇನ್ನೊಂದು ಬದನೆ ಹೂವು, ತಲೆ ತಗ್ಗಿಸಿರೋದಕ್ಕೆ. ‘ಟೀಚರ್, ಇಂಗ್ಲಿಷಲ್ಲಿ ಏನು?’ ಅಂದಳು. ‘ಬ್ರಿಂಜಾಲ್’ ಅಂತ ನಮ್ಮ ದೇಶದ ಇಂಗ್ಲಿಷು ಬಾಯಿಗೆ ಬಂದದ್ದನ್ನ ನುಂಗಿ ‘ಎಗ್‌ಪ್ಲಾಂಟ್’ ಅಂದೆ. ಗರಿಕೆಗೆ ‘ಗ್ರಾಸ್’. ಹಿತ್ತಲಿಂದ ಗಣಪತಿಗೆ ಎಣಿಸಿ ಕಿತ್ತು ತರ್ತಿದ್ದ ಗರಿಕೆ, ಬರೀ ಹುಲ್ಲು.

ಯಾಕೆ ನುಂಗಿದೆ ಹೇಳ್ತೀನಿ. ಅರ್ಜಿಯಲ್ಲಿ ಮಾತೃಭಾಷೆ ಅನ್ನೋ ಕಡೆ ಇಂಗ್ಲಿಷ್ ಅಂತ ಬರೆದಿದೀನಿ. ಕೆಲಸ ಕೊಡಿಸಿದವನು ಹಾಗೇ ಬರಿ, ಸಂಬಳ ಜಾಸ್ತಿ ಸಿಗತ್ತೆ ಅಂದ. ಬರೆದೆ. ಅಷ್ಟೇ ಆಗಿದ್ದರೆ ನಿನಗೆ ಹೇಳ್ತಿರಲಿಲ್ಲ. ಹೋದ ತಿಂಗಳು ಮಧ್ಯಾಹ್ನ ಸುತ್ತ ಮಕ್ಕಳು ಕೂತಿದ್ದಾಗ ಅಮ್ಮನ ಫೋನು ಬಂತು. ‘ಹಾಯ್ ಮಾಮ್, ಐ ವಿಲ್ ಕಾಲ್ ಯೂ ಲೇಟರ್’ ಅಂದೆ. ಆ ಕಡೆ ಸದ್ದಿಲ್ಲ. ಆಮೇಲೆ ಮೆತ್ತಗೆ, ‘ಅಯ್ಯೋ, ರಾಂಗ್ ನಂಬರು’ ಅಂದು ಇಟ್ಟುಬಿಟ್ಟಳು. ರಾತ್ರಿ ಮಾಡಿದಾಗ, ‘ಮಧ್ಯಾಹ್ನ ನಿನ್ನ ಫೋನು ಯಾರೋ ಎತ್ತಿದ್ರಲ್ಲ ಮಗಾ, ಇಂಗ್ಲಿಷಿನವರು’ ಅಂದಳು. ಹೌದಮ್ಮ, ಜೊತೆಗೆ ಕೆಲಸ ಮಾಡೋರು ಅಂದೆ.

ಪಕ್ಕದ ಮೇಜಿನ ಖ್ರೂ ಮೊನ್ನೆ ‘ಕ್ರೆಂಗ್ ಜೈ’ಗೆ ಇಂಗ್ಲಿಷ್ ಪದ ಕೇಳಿದರು. ಇನ್ನೊಬ್ಬರಿಗೆ ತೊಂದರೆ ಆದೀತು, ಮುಜುಗರ ಆದೀತು ಅಂತ ಹಿಂಜರಿಯೋದು. ದಾಕ್ಷಿಣ್ಯ! ನಾಲಿಗೆ ತುದಿಗೇ ಬಂದಿತ್ತು. ‘ಕನ್ಸಿಡರೇಶನ್’ ಅಂದೆ. ಅವರು ಬರೆದುಕೊಂಡರು, ಇನ್ನೇನೋ ಕೇಳೋಕೆ ಬಾಯಿ ತೆರೆದರು, ನಕ್ಕು ಸುಮ್ಮನಾದರು. ರಾತ್ರಿ ಪಾತ್ರೆ ತೊಳೆಯುವಾಗ ಹೊಳೀತು. ಅವರಿಗೆ ಗೊತ್ತು ಸೀನ. ಬಂದ ದಿನದಿಂದ ಗೊತ್ತು. ಕೇಳ್ತಾ ಇಲ್ಲ, ಅಷ್ಟೇ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ನನ್ನದು ಸಂಬಳಕ್ಕಾದ ಬಸಿರು. ಕೆಲಸದ ಪರವಾನಗಿ ಇರೋವರೆಗೆ ಹೊರಬೇಕು.

ಹೋಗಲಿ ಬಿಡು. ಎಲ್ಲರೂ ಓದೋ ಕಾಗದದಲ್ಲಿ ಎಂತೆಲ್ಲ ಬರೆದೆ ನೋಡು. ಅಮ್ಮ ಇದನ್ನ ಓದಲ್ಲ, ಆದರೆ ನಿನ್ನ ಮನೆಯವರು ಓದಿ, ಭಾನುವಾರ ಸಂತೆಯಲ್ಲಿ ಅಮ್ಮ ಸಿಕ್ಕಿದ ಕೂಡಲೇ ಒಪ್ಪಿಸ್ತಾರೆ. ಅತ್ತಿಗೆಗೆ ಹೇಳು, ಬರುವಾಗ ಎರಡು ಫ್ಯಾನ್ ತರ್ತೀನಿ, ಸೀಲಿಂಗಿನದು ಅವರಿಗೇ ಅಂತ. ಮತ್ತೆ ಆ ಪಂಪು ಇನ್ನೂ ನಿನ್ನ ಹತ್ರವೇ ಇದೆ ಅನ್ನೋದು ನನಗೆ ಮರೆತಿಲ್ಲ.

ನಿನ್ನ,
ರಾಂಗ್ ನಂಬರು