ಔಷಧಿ ಅಂಗಡಿಯ ಅಕ್ಕನಿಗೆ

ಅಕ್ಕಾ, ಆ ದಿನ ನಿಮ್ಮ ಹೆಸರು ಕೇಳಲಿಲ್ಲ. ತುಮಕೂರಿನ ಬಿ.ಎಚ್. ರಸ್ತೆಯ ನಿಮ್ಮ ಅಂಗಡಿಗೆ ವಾಂತಿ ಮಾತ್ರೆ ಕೇಳಿಕೊಂಡು ಬಂದವನು ನಾನು.

ಸಿಗರೇಟು ಬಿಡಲು ಡಾಕ್ಟರು ವಾರೆನಿಕ್ಲಿನ್ ಬರೆದಿದ್ದರು. ಮೊದಲ 3 ದಿನ ದಿನಕ್ಕೊಮ್ಮೆ 0.5 ಮಿ.ಗ್ರಾಂ, 4ರಿಂದ 7ನೇ ದಿನದವರೆಗೆ ಅದೇ ಎರಡು ಹೊತ್ತು. 8ನೇ ದಿನದಿಂದ 1 ಮಿ.ಗ್ರಾಂ, ಎರಡು ಹೊತ್ತು. ಅಲ್ಲಿಂದ ಶುರುವಾಯಿತು ನೋಡಿ, ಹೊಟ್ಟೆ ತೊಳಸುವುದು. ರಾತ್ರಿಯಾದರೆ ಸಿನಿಮಾದಂಥ ಕನಸು. ಒಂದರಲ್ಲಂತೂ ತೀರಿಹೋದ ಅಜ್ಜ ಬಂದು ಬೀಡಿ ಕೇಳಿದರು!

"ಈ ಮಾತ್ರೆಯೇ ಬೇಡ, ಬಿಟ್ಬಿಡ್ತೀನಿ" ಅಂದೆ. ನೀವು ಸುಮ್ನೆ ವಾಂತಿ ಮಾತ್ರೆ ಕೊಟ್ಟು ಕಳಿಸಬಹುದಿತ್ತು. "ಬೆಳಿಗ್ಗೆ ಏನು ತಿಂದೆಯಪ್ಪಾ?" ಅಂತ ಕೇಳಿದಿರಿ. ಬರೀ ಕಾಫಿ. "ಅದಕ್ಕೇ ಕಣಪ್ಪ. ಹೊಟ್ಟೆ ತುಂಬ ತಿಂದು, ದೊಡ್ಡ ಲೋಟ ನೀರಲ್ಲಿ ನುಂಗು." ಕನಸಿನ ವಿಷಯ ಮಾತ್ರ ಡಾಕ್ಟರಿಗೇ ಹೇಳು ಎಂದು ಅಲ್ಲೇ ನಿಲ್ಲಿಸಿ ಫೋನು ಮಾಡಿಸಿದಿರಿ. ರಾತ್ರಿಯ ಮಾತ್ರೆ ಸ್ವಲ್ಪ ಬೇಗ ತಗೊಳ್ಳಿ ಅಂದರು ಅವರು.

ಈಗ ಕ್ಯಾತ್ಸಂದ್ರದ ಎರಡು ತಟ್ಟೆ ಇಡ್ಲಿ ಇಳಿದ ಮೇಲೇ ಮಾತ್ರೆ. ತೊಳಸುವುದು ಪೂರ್ತಿ ಹೋಗಿಲ್ಲ, ಸುಳ್ಳೇಕೆ ಹೇಳಲಿ? ಆದರೆ 12 ವಾರದಲ್ಲಿ 9 ಮುಗಿದಿವೆ. ಸಿಗರೇಟು ಮುಟ್ಟಿಲ್ಲ. ವಾಂತಿ ಮಾತ್ರೆಯೂ ಬೇಕಾಗಲಿಲ್ಲ, ನಿಮಗೆ ವ್ಯಾಪಾರ ನಷ್ಟ.

ತುಂಬಾ ಥ್ಯಾಂಕ್ಸ್ ಅಕ್ಕಾ. ಮುಂದಿನ ವಾರ ಇಡ್ಲಿ ಕಟ್ಟಿಸಿಕೊಂಡು ಬರುತ್ತೇನೆ.