ಊಟದ ಕಾರ್ಡಿಗೂ ಬಿತ್ತು ಬೀಗ

ಸಂಪಾದಕರೇ,

2025ರ ಅಕ್ಟೋಬರ್ 1ರಿಂದ 43 ದಿನ ಅಮೆರಿಕದ ಕೇಂದ್ರ ಸರ್ಕಾರ, ಖರ್ಚಿನ ಹಣಕ್ಕೆ ಸಂಸತ್ತಿನ ಒಪ್ಪಿಗೆ ಸಿಗದೆ, ಬಾಗಿಲು ಹಾಕಿಕೊಂಡಿತ್ತು. ಆರೋಗ್ಯ ವಿಮೆಯ ಸಬ್ಸಿಡಿ ಮುಂದುವರಿಸಬೇಕೋ ಬೇಡವೋ ಎಂದು ರಿಪಬ್ಲಿಕನ್, ಡೆಮಾಕ್ರಟಿಕ್ ಎರಡೂ ಪಕ್ಷಗಳ ಹಗ್ಗಜಗ್ಗಾಟ. ಅದರಲ್ಲಿ ನಲುಗಿದ್ದು ಮಾತ್ರ ಬಡವರು.

ನಮ್ಮಲ್ಲಿ ರೇಷನ್ ಇದ್ದಂತೆ ಅಲ್ಲಿ ‘ಸ್ನ್ಯಾಪ್’ ಅಂತ ಇದೆ. ತಿಂಗಳಿಗೊಮ್ಮೆ ಕಾರ್ಡಿಗೆ ದುಡ್ಡು ಬೀಳುತ್ತದೆ. ಅದನ್ನು ಉಜ್ಜಿ ಹಾಲು, ಮೊಟ್ಟೆ, ಬ್ರೆಡ್ ತರಬೇಕು. ಆಗ ಸುಮಾರು 4.2 ಕೋಟಿ ಜನ ಅದನ್ನೇ ನೆಚ್ಚಿಕೊಂಡಿದ್ದರು. ನವೆಂಬರ್ ಶುರುವಾದರೂ ದುಡ್ಡು ಬರಲಿಲ್ಲ, ವಿಷಯ ಕೋರ್ಟು ಹತ್ತಿತು. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ಹೇಳಿದಳು: ಅವರ ಬೀದಿಯ ಚರ್ಚ್ ಮುಂದೆ ಪುಕ್ಕಟೆ ದಿನಸಿಗೆ ಬೆಳಿಗ್ಗೆ ಏಳಕ್ಕೇ ಕ್ಯೂ. ಸಾಲಿನಲ್ಲಿ ಸರ್ಕಾರಿ ಆಫೀಸಿನ ಐಡಿ ಕಾರ್ಡ್ ಕೊರಳಲ್ಲೇ ಇದ್ದವರೂ ಇದ್ದರಂತೆ. ವಿಮಾನ ನಿಲ್ದಾಣದ ತಪಾಸಣೆ ಸಿಬ್ಬಂದಿಗೂ ಆಗ ಸಂಬಳವಿಲ್ಲದ ದುಡಿಮೆ. ಆದರೆ ಸಂಸದರ ಸಂಬಳ ಮಾತ್ರ ನಿಲ್ಲುವ ಹಾಗಿಲ್ಲ, ಅದಕ್ಕೆ ಸಂವಿಧಾನದ್ದೇ ರಕ್ಷಣೆ. ಚೆನ್ನಾಗಿದೆ, ಅಲ್ವಾ?

ಇನ್ನೊಂದು ಮಾತು. ಅಲ್ಲಿನ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಜಾರಿಗೆ ಬಂದದ್ದು 2009ರಲ್ಲಿ. ಆಮೇಲೆ ಎರಡೂ ಪಕ್ಷಗಳು ಸರದಿಯಂತೆ ಗದ್ದುಗೆ ಏರಿದವು. ಒಂದು ಸೆಂಟ್ ಜಾಸ್ತಿ ಮಾಡಲಿಲ್ಲ.

– ಒಬ್ಬ ಓದುಗ, ಶಿವಮೊಗ್ಗ